ಅಲನ್ ಟ್ಯೂರಿಂಗ್: ಮಿತ ಆಜ್ಞೆಗಳ ಗಣಕಶಿಲ್ಪಿ

ಕಲಬುರಗಿಯಿಂದ ರಾಯಚೂರು ಮಾರ್ಗವಾಗಿ ಗುಂತಕಲ್ಲಿಗೆ ಪಯಣಿಸುವವರು ತುಂಗಭದ್ರೆಯನ್ನು ದಾಟುತ್ತಾರೆ. ಮದ್ರಾಸ್ ರೈಲ್ವೆಯ ಕಾಲದಲ್ಲಿ ಈ ನದಿಗೆ ಸೇತುವೆ ಕಟ್ಟಿಸಿದ ಎಂಜಿನಿಯರ್ ಎಡ್ವರ್ಡ್ ಸ್ಟೋನಿಯವರ ಮೊಮ್ಮಗನೇ ಗಣಕಶಾಸ್ತ್ರದ ಆದ್ಯರಲ್ಲೊಬ್ಬರಾದ ಅಲನ್ ಟ್ಯೂರಿಂಗ್. ತಂದೆ ಜೂಲಿಯಸ್ ಅವರು ಬಳ್ಳಾರಿ ಮೊದಲಾದ ಜಿಲ್ಲೆಗಳಲ್ಲಿ ಅಧಿಕಾರಿಯಾಗಿದ್ದವರು. ಅಲನ್ 1912ರ ಜೂನ್ 23ರಂದು ಲಂಡನ್ನಿನಲ್ಲಿ ಜನಿಸಿದರು. ತಂದೆತಾಯಿಗಳು ಭಾರತದಲ್ಲಿದ್ದುದರಿಂದ ಬಾಲ್ಯದ ಬಹುಭಾಗ ಪರರ ಆಶ್ರಯದಲ್ಲಿಯೇ ಕಳೆಯಿತು.

1936ರಲ್ಲಿ ಅವರು ಒಂದು ಕಲ್ಪನಾಯಂತ್ರವನ್ನು ವಿವರಿಸಿದರು. ಪಟ್ಟಿಯ ಮೇಲಿನ ಒಂದು ಚಿಹ್ನೆಯನ್ನು ಓದುವುದು, ಬರೆಯುವುದು, ಎಡಕ್ಕೋ ಬಲಕ್ಕೋ ಒಂದು ಮನೆ ಸರಿಯುವುದು, ತನ್ನ ಸ್ಥಿತಿಯನ್ನು ಬದಲಿಸಿಕೊಳ್ಳುವುದು: ಅದರ ಸಾಮರ್ಥ್ಯ ಇಷ್ಟೇ. ಆದರೂ ನಿಯಮಬದ್ಧವಾದ ಯಾವ ಗಣನೆಯನ್ನಾದರೂ ಅದು ಮಾಡಬಲ್ಲದೆಂದು ಅವರು ತೋರಿಸಿದರು. ಮಹಾಯುದ್ಧದಲ್ಲಿ ಶತ್ರುಗಳ ಗುಪ್ತಲಿಪಿಯನ್ನು ಭೇದಿಸಿದ ಅವರ ಸೇವೆ ಸರ್ವವಿದಿತ.

1945ರಲ್ಲಿ ಬ್ರಿಟನ್ನಿನ ರಾಷ್ಟ್ರೀಯ ಭೌತ ಪ್ರಯೋಗಾಲಯವನ್ನು ಸೇರಿ ‘ಏಸ್’ ಗಣಕದ ವಿನ್ಯಾಸವನ್ನು ರಚಿಸಿದರು. ಇಲ್ಲಿಯೇ ವಿವಾದದ ಮೂಲವಿದೆ. ಕಮಲಾಪುರದ ಕೆಂಬಾಳೆಯ ಗೊನೆಯನ್ನು ಕಲಬುರಗಿಯ ಪೇಟೆಗೆ ಮುಟ್ಟಿಸೆಂದು ಆಳಿಗೆ ಒಂದೇ ಮಾತಿನಲ್ಲಿ ಹೇಳಬಹುದು. ಕೊಯ್ಯಿ, ಹೊರು, ಬಂಡಿಗೇರಿಸು, ಇಳಿಸು ಎಂದು ಬಿಡಿಬಿಡಿಯಾಗಿಯೂ ಹೇಳಬಹುದು. ಮೊದಲನೆಯದರಲ್ಲಿ ಹೇಳುವವನಿಗೆ ಶ್ರಮ ಕಡಿಮೆ, ಆದರೆ ಆಳು ಎಲ್ಲವನ್ನೂ ಬಲ್ಲವನಾಗಿರಬೇಕು. ಗಣಕದಲ್ಲಿ ಆ ಬಲ್ಲತನವೆಂದರೆ ಹೆಚ್ಚಿನ ಉಪಕರಣ, ಹೆಚ್ಚಿನ ವೆಚ್ಚ. ಟ್ಯೂರಿಂಗರು ಎರಡನೆಯ ಪಕ್ಷವನ್ನು ಹಿಡಿದರು. ಕಠಿಣ ಲೆಕ್ಕಗಳನ್ನು ಸರಳ ಆಜ್ಞೆಗಳ ಸರಣಿಯಿಂದಲೇ ಸಾಧಿಸಬೇಕೆಂಬುದು ಅವರ ನಿಲುವು. ಕೇಂಬ್ರಿಜ್ಜಿನ ಮಾರಿಸ್ ವಿಲ್ಕ್ಸ್ ಬೇರೊಂದು ಯೋಜನೆಯನ್ನು ಮುಂದಿಟ್ಟಾಗ, ಆಲೋಚನೆಯಿಂದ ಬಿಡಿಸಬಹುದಾದ ತೊಡಕಿಗೆ ಯಂತ್ರಭಾಗಗಳನ್ನು ಸೇರಿಸುವುದೇಕೆಂದು 1946ರಲ್ಲಿ ಆಕ್ಷೇಪಿಸಿದರು.

ಆದರೆ ನ್ಯಾಯವಾಗಿ ನೋಡಿದರೆ ವಿಲ್ಕ್ಸರ ಪಕ್ಷಕ್ಕೂ ಬಲವಿತ್ತು. ಅವರ ‘ಎಡ್ಸ್ಯಾಕ್’ 1949ರಲ್ಲಿಯೇ ನಡೆಯಿತು. ಬಳಸುವವರಿಗೆ ಸುಲಭವೂ ಆಗಿತ್ತು. ಏಸ್ ಕಾರ್ಯದ ವಿಳಂಬದಿಂದ ಬೇಸತ್ತ ಟ್ಯೂರಿಂಗರು 1948ರಲ್ಲಿ ಮ್ಯಾಂಚೆಸ್ಟರಿಗೆ ತೆರಳಿದರು. ಅವರಿಲ್ಲದೆಯೇ 1950ರ ಮೇ 10ರಂದು ಪುಟ್ಟ ಮಾದರಿ ಏಸ್ ಚಾಲನೆಗೊಂಡಿತು. ಎಡ್ಸ್ಯಾಕಿಗಿಂತ ಬಹಳ ಕಡಿಮೆ ನಿರ್ವಾತ ಕೊಳವೆಗಳಿದ್ದರೂ ಅದು ಅಂದಿನ ಅತಿವೇಗದ ಗಣಕಗಳಲ್ಲೊಂದೆನಿಸಿತು. ಅದಕ್ಕೆ ಆಜ್ಞೆಗಳನ್ನು ಬರೆಯುವವರ ಪಾಡು ಮಾತ್ರ ಸುಲಭವಾಗಿರಲಿಲ್ಲ.

ಸಲಿಂಗ ಸಂಬಂಧ ಅಪರಾಧವಾಗಿದ್ದ ಅಂದಿನ ಕಾನೂನಿನಂತೆ 1952ರಲ್ಲಿ ಅವರು ಶಿಕ್ಷೆಗೊಳಗಾದರು. 1954ರ ಜೂನ್ 7ರಂದು, 41ನೆಯ ವಯಸ್ಸಿನಲ್ಲಿ, ತೀರಿಕೊಂಡರು. ರಾಜಕ್ಷಮೆ ದೊರೆತದ್ದು 2013ರಲ್ಲಿ!

ವಿಲ್ಕ್ಸ್ 1951ರಲ್ಲಿ ಸೂಚಿಸಿದ ಸೂಕ್ಷ್ಮಕ್ರಮ ಪದ್ಧತಿಯಿಂದ ಮುಂದೆ ಸಂಕೀರ್ಣ ಆಜ್ಞೆಗಳ ಯಂತ್ರಗಳು ಬೆಳೆದವು. 1975ರ ಬಳಿಕ ಐಬಿಎಮ್‌ನ ಜಾನ್ ಕಾಕ್ ಮತ್ತೆ ಸರಳ ಆಜ್ಞೆಗಳ ದಾರಿ ಹಿಡಿದರು. ಅವರು ಟ್ಯೂರಿಂಗರ ಶಿಷ್ಯರಲ್ಲ. ಆದರೆ ಆಜ್ಞೆಗಳನ್ನು ಬಿಡಿಸಿ ಬರೆಯುವ ಶ್ರಮವನ್ನು ಆ ವೇಳೆಗೆ ಕಂಪೈಲರ್ ಎಂಬ ಅನುವಾದಕ ಕ್ರಮವೇ ಹೊರಬಲ್ಲದ್ದಾಗಿತ್ತು. ಇಂದು ನಮ್ಮ ಕೈಯ ಮೊಬೈಲುಗಳಲ್ಲಿರುವುದು ಬಹುತೇಕ ಈ ವರ್ಗದ ಪ್ರೊಸೆಸರುಗಳೇ. ಟ್ಯೂರಿಂಗರ ತಾತ ದುಡಿದ ಮದ್ರಾಸಿನ ಐಐಟಿಯಲ್ಲಿ ರೂಪುಗೊಂಡ ‘ಶಕ್ತಿ’ಯೂ ಇದೇ ಕುಲದ್ದು.