ಬರೆದವನಿಗೆ ಮಾರುವ ಹಕ್ಕಿಲ್ಲವೇ?

ಗಳಗನಾಥರು ತಮ್ಮ ಪುಸ್ತಕಗಳನ್ನು ತಲೆಯ ಮೇಲೆ ಹೊತ್ತು ಊರೂರು ತಿರುಗಿ ಮಾರಿದ ಸಂಗತಿಯನ್ನು ಕನ್ನಡಿಗರಾದ ನಾವು ಅಭಿಮಾನದಿಂದ ನೆನೆಯುತ್ತೇವೆ. ಬರೆದವನೇ ಓದುಗನ ಮನೆಬಾಗಿಲಿಗೆ ಹೋಗಿ ಪುಸ್ತಕ ಕೊಡುವುದಕ್ಕಿಂತ ಸಹಜವಾದ ವ್ಯಾಪಾರ ಇನ್ನಾವುದಿದ್ದೀತು? ಆದರೆ ಈ ಸಹಜವಾದ ಕೆಲಸವನ್ನು ಒಂದು ಕರಾರುಪತ್ರ ತಡೆಯಬಲ್ಲದು. ಅದು ಹೇಗೆಂಬುದನ್ನು ಅರಿಯಲು ಮಾರ್ಕ್ ಟ್ವೇನರ ಜೀವನಕ್ಕಿಂತ ಒಳ್ಳೆಯ ನಿದರ್ಶನ ನನಗೆ ಕಾಣದು.

ಸ್ಯಾಮ್ಯುಯೆಲ್ ಕ್ಲೆಮೆನ್ಸ್ ಎಂಬುದು ಟ್ವೇನರ ನಿಜನಾಮ. ಅಮೆರಿಕದ ಮಿಸೌರಿ ರಾಜ್ಯದಲ್ಲಿ 1835ರಲ್ಲಿ ಹುಟ್ಟಿದ ಅವರು ಹನ್ನೊಂದನೆಯ ವಯಸ್ಸಿಗೇ ತಂದೆಯನ್ನು ಕಳೆದುಕೊಂಡು, ಅಚ್ಚುಕೂಟದಲ್ಲಿ ಮೊಳೆ ಜೋಡಿಸುವುದನ್ನು ಕಲಿತರು. ಮಿಸಿಸಿಪಿ ನದಿಯಲ್ಲಿ ಹಬೆಯ ಹಡಗು ನಡೆಸಿದರು; ಗಣಿಗಳಲ್ಲಿ ಅದೃಷ್ಟ ಅರಸಿ ಸೋತು ಪತ್ರಕರ್ತರಾದರು. 1869ರಲ್ಲಿ ಅವರ ಪ್ರವಾಸಕಥನ ‘ದಿ ಇನ್ನೊಸೆಂಟ್ಸ್ ಅಬ್ರಾಡ್’ ಹಾರ್ಟ್‌ಫರ್ಡ್‌ನ ಅಮೆರಿಕನ್ ಪಬ್ಲಿಷಿಂಗ್ ಕಂಪನಿಯಿಂದ ಪ್ರಕಟವಾಯಿತು.

ಆ ಕಂಪನಿಯ ಮಾರಾಟದ ಕ್ರಮವೇ ಬೇರೆ. ಅದರ ಏಜೆಂಟರು ಮಾದರಿ ಪುಟಗಳನ್ನು ಹಿಡಿದು ಮನೆಮನೆಗೆ ಹೋಗಿ ಮುಂಗಡವಾಗಿ ಬೇಡಿಕೆ ಪಡೆಯುತ್ತಿದ್ದರು. ಅಂಗಡಿಗಳಿಗೆ ಪುಸ್ತಕ ಕೊಡುವಂತಿರಲಿಲ್ಲ. ಅಂಗಡಿಯವನು ಬೆಲೆ ಇಳಿಸಿದರೆ ಏಜೆಂಟನ ಹೊಟ್ಟೆಯ ಮೇಲೆ ಹೊಡೆತ ಬೀಳುತ್ತಿತ್ತು. ಈ ಕಟ್ಟುಪಾಡಿನಿಂದ ಟ್ವೇನರಿಗೆ ಲಾಭವಾಗಲಿಲ್ಲವೆನ್ನಲಾಗದು. ಪುಸ್ತಕದಂಗಡಿಯನ್ನೇ ಕಾಣದ ಹಳ್ಳಿಗಳಿಗೂ ಅವರ ಹೆಸರು ತಲುಪಿತು. ಮೊದಲ ವರ್ಷದಲ್ಲಿಯೇ ಸುಮಾರು 70 ಸಾವಿರ ಪ್ರತಿಗಳು ಮಾರಾಟವಾದವು.

ಆದರೆ ಲೇಖಕನ ಪಾಲಿಗೆ ಬಂದ ರಾಯಲ್ಟಿ ಶೇ 5 ಮಾತ್ರ. 1872ರ ‘ರಫಿಂಗ್ ಇಟ್’ ಕೃತಿಗೆ ಅದು ಶೇ 7.5 ಆಯಿತು. ಇದು ಲಾಭದ ಅರ್ಧಕ್ಕೆ ಸಮವೆಂಬ ಪ್ರಕಾಶಕ ಎಲೈಷಾ ಬ್ಲಿಸ್‌ರ ಭರವಸೆಯನ್ನು ಟ್ವೇನ್ ನಂಬಿದರು. ಬ್ಲಿಸ್ 1880ರಲ್ಲಿ ತೀರಿಕೊಂಡರು. ನಿಜವಾಗಿಯೇ ಅರ್ಧ ಲಾಭದ ಕರಾರಿನ ಮೇಲೆ ಅದೇ ವರ್ಷ ಬಂದ ಪುಸ್ತಕದ ಲೆಕ್ಕವನ್ನು ನೋಡಿದಾಗ, ಅಷ್ಟು ವರ್ಷ ತಾವು ಮೋಸಹೋದೆವೆಂದು ಟ್ವೇನ್ ತೀರ್ಮಾನಿಸಿದರು. ಈ ಪದ್ಧತಿಯ ವಿಳಂಬವೂ ಅವರಿಗೆ ನಷ್ಟ ತಂದಿತ್ತು. 1876ರಲ್ಲಿ ಬೇಡಿಕೆಗಳ ಸಂಗ್ರಹಕ್ಕಾಗಿ ಕಾಯುತ್ತಿದ್ದ ‘ಟಾಮ್ ಸಾಯರ್’ ಅಮೆರಿಕದಲ್ಲಿ ಹೊರಬರುವ ಮೊದಲೇ ಕೆನಡಾದ ಅಗ್ಗದ ಕಳ್ಳಮುದ್ರಣ ಮಾರುಕಟ್ಟೆಗೆ ನುಗ್ಗಿತ್ತು.

ರೋಸಿಹೋದ ಟ್ವೇನ್ 1884ರಲ್ಲಿ ತಮ್ಮದೇ ಪ್ರಕಾಶನವನ್ನು ತೆರೆದು, ಸೋದರಿಯ ಮಗಳ ಗಂಡ ಚಾರ್ಲ್ಸ್ ವೆಬ್‌ಸ್ಟರ್‌ನ ಹೆಸರಿಟ್ಟರು. ಲೇಖಕ ಸ್ವತಂತ್ರನಾದ ಎಂದು ನಾವು ಸಂತೋಷಪಡಬೇಕಾದ ಈ ಘಟ್ಟದಲ್ಲಿಯೇ ಕಥೆ ತಿರುವು ಪಡೆಯುತ್ತದೆ. ಪ್ರಕಾಶಕರಾದ ಟ್ವೇನ್ ಹಳೆಯ ಪ್ರಕಾಶಕರ ಹಾದಿಯನ್ನೇ ಹಿಡಿದರು. 40 ಸಾವಿರ ಬೇಡಿಕೆ ಬರುವವರೆಗೆ ‘ಹಕಲ್‌ಬೆರಿ ಫಿನ್’ ಹೊರಬರಕೂಡದೆಂದು ವಿಧಿಸಿದರು. ಬಾಸ್ಟನ್ನಿನ ಎಸ್ಟಿಸ್ ಅಂಡ್ ಲೋರಿಯಟ್ ಎಂಬ ಪುಸ್ತಕ ವ್ಯಾಪಾರಿಗಳು ಆ ಕೃತಿಯನ್ನು ಕಡಿಮೆ ಬೆಲೆಗೆ ಕೊಡುವುದಾಗಿ ತಮ್ಮ ಪಟ್ಟಿಯಲ್ಲಿ ಪ್ರಕಟಿಸಿದಾಗ ನ್ಯಾಯಾಲಯಕ್ಕೆ ಹೋದರು. 1885ರಲ್ಲಿ ನ್ಯಾಯಾಲಯ ತಡೆಯಾಜ್ಞೆ ಕೊಡಲು ನಿರಾಕರಿಸಿತು.

ಆದರೂ ನ್ಯಾಯವಾದ ಒಪ್ಪಂದ ಹೇಗಿರಬಹುದೆಂಬುದನ್ನು ತೋರಿಸಿದವರೂ ಅವರೇ. ಅಮೆರಿಕದ ಮಾಜಿ ಅಧ್ಯಕ್ಷ ಗ್ರಾಂಟ್ ಸಾಲದಲ್ಲಿ ಮುಳುಗಿ, ಕ್ಯಾನ್ಸರ್‌ನಿಂದ ನರಳುತ್ತ ಆತ್ಮಕಥನ ಬರೆಯುತ್ತಿದ್ದರು. ಬೇರೊಂದು ಸಂಸ್ಥೆ ಶೇ 10 ರಾಯಲ್ಟಿ ಕೊಡಲು ಮುಂದಾಗಿತ್ತು. ಟ್ವೇನ್ ನಿವ್ವಳ ಲಾಭದ ಶೇ 70ನ್ನು ಕೊಡಲೊಪ್ಪಿದರು. 1885ರಲ್ಲಿ ಗ್ರಾಂಟ್ ನಿಧನರಾದರು. ಮರುವರ್ಷ ಅವರ ಪತ್ನಿಗೆ ಎರಡು ಲಕ್ಷ ಡಾಲರುಗಳ ಚೆಕ್ಕು ಸಂದಾಯವಾಯಿತು.

ಮುಂದೆ ಅಚ್ಚುಮೊಳೆ ಜೋಡಿಸುವ ಯಂತ್ರವೊಂದಕ್ಕೆ ಹಣ ಸುರಿದದ್ದರಿಂದಲೂ ಪ್ರಕಾಶನದ ನಷ್ಟದಿಂದಲೂ ಟ್ವೇನ್ ಕುಸಿದರು. 1894ರಲ್ಲಿ ಸಂಸ್ಥೆ ದಿವಾಳಿಯಾಯಿತು. ಸ್ನೇಹಿತ ಹೆನ್ರಿ ರೋಜರ್ಸ್‌ರ ಸಲಹೆಯಂತೆ ಕೃತಿಗಳ ಹಕ್ಕುಸ್ವಾಮ್ಯವನ್ನು ಪತ್ನಿ ಒಲಿವಿಯಾರ ಹೆಸರಿಗೆ ವರ್ಗಾಯಿಸಿದ್ದರಿಂದ ಅದು ಸಾಲಗಾರರ ಕೈಗೆ ಸಿಗದೆ ಉಳಿಯಿತು. ಸಾಲ ತೀರಿಸಲೆಂದೇ ಉಪನ್ಯಾಸಗಳ ವಿಶ್ವಯಾತ್ರೆ ಕೈಗೊಂಡ ಟ್ವೇನ್ 1896ರಲ್ಲಿ ಭಾರತಕ್ಕೂ ಬಂದರು. ಮುಂಬಯಿ, ಕಾಶಿ, ಕಲ್ಕತ್ತೆಗಳನ್ನು ಕಂಡರು. ಈ ಯಾತ್ರೆಯ ಕಥನವನ್ನು 1897ರಲ್ಲಿ ಪ್ರಕಟಿಸಿದ್ದು ಅದೇ ಹಳೆಯ ಹಾರ್ಟ್‌ಫರ್ಡ್ ಕಂಪನಿ. 1898ರ ಹೊತ್ತಿಗೆ ಸಾಲವೆಲ್ಲ ತೀರಿತು. 1903ರಲ್ಲಿ ಅವರು ಹಾರ್ಪರ್ ಸಂಸ್ಥೆಗೆ ತಮ್ಮ ಕೃತಿಗಳ ಪ್ರಕಟಣೆಯ ಏಕಸ್ವಾಮ್ಯವನ್ನು ಒಪ್ಪಿಸಿದರು. ಪ್ರತಿಯಾಗಿ ಐದು ವರ್ಷ, ವರ್ಷಕ್ಕೆ ಕನಿಷ್ಠ 25 ಸಾವಿರ ಡಾಲರುಗಳ ಖಾತರಿ ಪಡೆದರು. 1910ರಲ್ಲಿ ತೀರಿಕೊಂಡರು.

ಈ ಜೀವನದಿಂದ ನಾನು ಗ್ರಹಿಸುವುದು ಇಷ್ಟು. ಏಕಸ್ವಾಮ್ಯವೇ ಪಾಪವಲ್ಲ, ಹಾಗೆಯೇ ಸ್ವಂತ ಮಾರಾಟವೊಂದೇ ಮೋಕ್ಷವೂ ಅಲ್ಲ. ಹಾರ್ಪರ್‌ಗೆ ಏಕಸ್ವಾಮ್ಯ ಕೊಟ್ಟಾಗ ಟ್ವೇನರಿಗೆ ಅದರ ಬೆಲೆ ಗೊತ್ತಿತ್ತು, ಖಾತರಿಯ ಮೊತ್ತ ಕಾಗದದ ಮೇಲಿತ್ತು. ಬ್ಲಿಸ್‌ರ ಕಾಲದಲ್ಲಿ ಇದ್ದದ್ದು ನಂಬಿಕೆ ಮಾತ್ರ. ಲೇಖಕನನ್ನು ಕೆಡಿಸುವುದು ಏಕಸ್ವಾಮ್ಯಕ್ಕಿಂತ ಹೆಚ್ಚಾಗಿ ಅವಧಿಯಿಲ್ಲದ, ಲೆಕ್ಕವಿಲ್ಲದ ಏಕಸ್ವಾಮ್ಯ.

ಇಂದು ಮನೆಮನೆಯ ಏಜೆಂಟನ ಜಾಗದಲ್ಲಿ ಅಂತರ್ಜಾಲದ ಅಂಗಡಿ ಕುಳಿತಿದೆ. ಅಮೆಜಾನಿನ ಕೆಡಿಪಿ ಸೆಲೆಕ್ಟ್ ಯೋಜನೆಗೆ ಸೇರಿದ ಇ-ಪುಸ್ತಕವನ್ನು 90 ದಿನಗಳ ಅವಧಿಯಲ್ಲಿ ಲೇಖಕ ತನ್ನ ಸ್ವಂತ ಜಾಲತಾಣದಲ್ಲೂ ಮಾರುವಂತಿಲ್ಲ. ಇಲ್ಲಿ ಅವಧಿಯಾದರೂ ಸ್ಪಷ್ಟವಾಗಿದೆ, ಬೇಡವೆಂದರೆ ಹೊರಬರಬಹುದು. ಅಚ್ಚಿನ ಪುಸ್ತಕದ ಕರಾರಿನಲ್ಲಿ ಲೇಖಕನ ಪ್ರತಿಗಳನ್ನು ಮಾರಕೂಡದೆಂಬ ಒಂದು ಸಾಲು ಸೇರಿದರೆ ಅದು ಎಷ್ಟು ಕಾಲ ಕಟ್ಟಿಹಾಕುತ್ತದೆಂದು ಕೇಳುವವರು ಕಡಿಮೆ.

ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆ ಈ ವಿಷಯದಲ್ಲಿ ಲೇಖಕನ ಪರವಾಗಿದೆ. ಅದರ 19ನೆಯ ಕಲಮಿನಂತೆ ಹಕ್ಕಿನ ವರ್ಗಾವಣೆ ಲಿಖಿತವಾಗಿರಬೇಕು. ಅವಧಿ ನಮೂದಿಸದಿದ್ದರೆ ಐದೇ ವರ್ಷ, ಪ್ರದೇಶ ನಮೂದಿಸದಿದ್ದರೆ ಭಾರತ ಮಾತ್ರ ಎಂದು ಭಾವಿಸಬೇಕು. ಆದರೆ ಲೇಖಕ ಓದದೆ ಸಹಿ ಹಾಕಿದ ಷರತ್ತಿನಿಂದ ಅವನನ್ನು ಬಿಡಿಸಲು ಈ ನಿಯಮಗಳಿಗೆ ಸಾಧ್ಯವಾಗದು. ಎಷ್ಟು ವರ್ಷ, ಯಾವ ಲೆಕ್ಕ, ನನ್ನ ಕೈಯಿಂದ ಎಷ್ಟು ಪ್ರತಿ ಎಂಬ ಮೂರು ಪ್ರಶ್ನೆಗಳನ್ನು ಸಹಿಗೆ ಮೊದಲೇ ಕೇಳುವುದು ಲೇಖಕನ ಸಣ್ಣತನವೆಂದು ನಾವು ಭಾವಿಸಬಾರದು. ಅವನ ಅನ್ನದ ಪ್ರಶ್ನೆಯದು.