ಹಸು ಬರೆಯಲು ಕಲಿಸಿದ ಮೇಷ್ಟ್ರು

ಬ್ಯಾಕ್‌ಲಾಗ್ ಎಂಬ ಪದದ ಭಾರ ಗೊತ್ತಿರುವವರಿಗೆ ನಂದಲಾಲ್ ಬೋಸ್ ಬೇಗ ಹತ್ತಿರವಾಗುತ್ತಾರೆ. 1882ರ ಡಿಸೆಂಬರ್ 3ರಂದು ಬಿಹಾರದ ಮುಂಗೇರ್ ಜಿಲ್ಲೆಯ ಖರಗ್‌ಪುರದಲ್ಲಿ ಹುಟ್ಟಿದ ಈ ಬಂಗಾಳಿ ಹುಡುಗ ಹದಿನೈದನೇ ವಯಸ್ಸಿಗೆ ಓದಲೆಂದು ಕಲ್ಕತ್ತಾಗೆ ಬಂದ. ಮನಸ್ಸೆಲ್ಲ ಚಿತ್ರದ ಮೇಲೆ. ಮನೆಯವರು ಒಪ್ಪಲಿಲ್ಲ. ಒಂದು ಕಾಲೇಜಿನಲ್ಲಿ ಪಾಸಾಗದೆ ಇನ್ನೊಂದಕ್ಕೆ ಹೋಗಿ, 1905ರಲ್ಲಿ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ವಾಣಿಜ್ಯ ವಿಷಯಕ್ಕೆ ಸೇರಿದ್ದಾಯಿತು. ಅಲ್ಲೂ ಕೈಗೂಡಲಿಲ್ಲ. ಅಷ್ಟರಲ್ಲಿ ಮದುವೆ ಬೇರೆ ಆಗಿತ್ತು! ಆ ಮನೆಯ ರಾತ್ರಿಯೂಟದ ಹೊತ್ತು ಹೇಗಿದ್ದಿರಬಹುದೆಂದು ನಾವು ಊಹಿಸಬಲ್ಲೆವು. ಕೊನೆಗೂ ಹಿರಿಯರನ್ನು ಒಪ್ಪಿಸಿ ಸರ್ಕಾರಿ ಕಲಾಶಾಲೆ ಸೇರಿದರು. ಅಲ್ಲಿ ಸಿಕ್ಕ ಗುರು ಅವನೀಂದ್ರನಾಥ ಟ್ಯಾಗೋರ್.

ಅದೇ ಗುರುವಿನ ಬಳಿ ಕಲಿತ ಇನ್ನೊಬ್ಬರು ನಮ್ಮ ಮೈಸೂರಿನ ಕೆ. ವೆಂಕಟಪ್ಪ. ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ ಆರ್ಟ್ ಗ್ಯಾಲರಿ ಇರುವುದು ಅವರ ಹೆಸರಿನಲ್ಲೇ. 1909ರ ಸುಮಾರಿಗೆ ಅಜಂತಾ ಗುಹೆಗಳ ಚಿತ್ರಗಳನ್ನು ನಕಲು ಮಾಡಲು ಹೋದ ತಂಡದಲ್ಲಿ ನಂದಲಾಲರೂ ಇದ್ದರು, ವೆಂಕಟಪ್ಪನವರೂ ಇದ್ದರು.

ಆಮೇಲಿನದ್ದು ಶಾಂತಿನಿಕೇತನದ ಕತೆ. ರವೀಂದ್ರನಾಥರು ಕರೆದರು, ಇವರು ಹೋದರು. 1922ರಲ್ಲಿ ಕಲಾಭವನದ ಮುಖ್ಯಸ್ಥರಾದವರು 1951ರಲ್ಲಿ ನಿವೃತ್ತರಾಗುವವರೆಗೂ ಅಲ್ಲೇ ಇದ್ದರು. ಎಲ್ಲರಿಗೂ ಅವರು ಮಾಸ್ಟರ್ ಮೊಶಾಯ್, ಅಂದರೆ ನಮ್ಮ ಮೇಷ್ಟ್ರು. 1940ರ ಹೊತ್ತಿಗೆ ಅಲ್ಲಿ ಕಲಿತ ಸತ್ಯಜಿತ್ ರೇ ಮುಂದೆ ನೆನೆದ ಒಂದು ಪಾಠವೇ ನನ್ನಿಂದ ಇದನ್ನು ಬರೆಸುತ್ತಿದೆ. ವಿದ್ಯಾರ್ಥಿ ಬರೆದ ಹಸುವನ್ನು ನೋಡಿ ಮೇಷ್ಟ್ರು, ಹೊರಗೆರೆ ಚೆನ್ನಾಗಿದೆ ಎಂದು ಮೊದಲು ಮೆಚ್ಚುತ್ತಿದ್ದರು. ನಂತರ, ಹಸು ಎಂದರೆ ಹೊರಗೆರೆ ಮಾತ್ರವಲ್ಲ, ಚರ್ಮದ ಒಳಗಿನ ಮಾಂಸ, ಮೂಳೆಯೂ ಬರೆಯುವವನ ಅನುಭವಕ್ಕೆ ಬರಬೇಕು, ಅದು ಪೆನ್ಸಿಲ್ ಓಡುವ ರೀತಿಯಲ್ಲೇ ಕಾಣಬೇಕು ಎಂದು ತಿದ್ದುತ್ತಿದ್ದರು. ಮರವನ್ನೂ ಹಾಗೆಯೇ, ಅದು ಬೆಳೆಯುವ ಹಾಗೆ ಬುಡದಿಂದ ಮೇಲಕ್ಕೆ ಬರೆಯಬೇಕು ಎನ್ನುತ್ತಿದ್ದರಂತೆ.

ನಾನು ಮೆಕ್ಯಾನಿಕಲ್ ಐದನೇ ಸೆಮಿಸ್ಟರ್. ಭಾನುವಾರ ಪಕ್ಕದ ಮನೆಯ ಪಡಸಾಲೆಯಲ್ಲಿ ಒಂಬತ್ತು ಮಕ್ಕಳಿಗೆ ಡ್ರಾಯಿಂಗ್ ಹೇಳಿಕೊಡುತ್ತೇನೆ, ಕೈಖರ್ಚಿಗೆ ಆಗುತ್ತದೆ. ಎರಡನೇ ಕ್ಲಾಸಿನಿಂದ ಐದನೇ ಕ್ಲಾಸಿನವರೆಗಿನ ಮಕ್ಕಳು. ಬರುವಾಗಲೇ ಎಲ್ಲರಿಗೂ ಪ್ರಾಣಿ ಬರೆಯಲು ಬರುತ್ತಿತ್ತು! 2 ಎಂಬ ಅಂಕಿಗೆ ಕೊಕ್ಕು ಸೇರಿಸಿದರೆ ಬಾತುಕೋಳಿ. ಎರಡು ಸೊನ್ನೆ, ನಾಲ್ಕು ಕಡ್ಡಿ, ಒಂದು ಬಾಲ ಹಾಕಿದರೆ ಹಸು. ಕೊಂಬು ಅಳಿಸಿದರೆ ಅದೇ ನಾಯಿ. ಸ್ಪರ್ಧೆಯಲ್ಲಿ ಬೇಗ ಮುಗಿಸಲು ಇದು ಒಳ್ಳೆಯ ಉಪಾಯ, ಇಲ್ಲ ಎನ್ನಲಾರೆ.

ಆದರೆ ಎದುರು ಮನೆಯ ಕೊಟ್ಟಿಗೆಯಲ್ಲಿ ನಿಜವಾದ ಹಸುವೇ ಇದೆ. ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋದೆ. ಮೊದಲ ವಾರ ಪೆನ್ಸಿಲ್ ಇಲ್ಲ, ಬರೀ ನೋಡುವುದು. ಮಲಗಿದ ಹಸು ಏಳುವಾಗ ಮೊದಲು ಹಿಂಭಾಗ ಎತ್ತುತ್ತದೆ ಎಂದು ಕಂಡುಹಿಡಿದವಳು ಮೂರನೇ ಕ್ಲಾಸಿನ ಹುಡುಗಿ. ಹಿಂಗಾಲಿನಲ್ಲಿ ಹಿಂದಕ್ಕೆ ಬಾಗಿದ ಗಂಟು ಮೊಣಕಾಲಲ್ಲ, ನಮ್ಮ ಹಿಮ್ಮಡಿಗೆ ಸಮನಾದದ್ದು. ನಿಜವಾದ ಮೊಣಕಾಲು ಮೇಲೆ ಹೊಟ್ಟೆಯ ಹತ್ತಿರ ಇದೆ ಎಂದಾಗ ಎಲ್ಲರೂ ತುದಿಗಾಲಲ್ಲಿ ನಿಂತು ಹಸುವಿನ ಹಾಗೆ ನಡೆದರು. ಬಿಜಾಗರಿ ಎಲ್ಲಿದೆ ಎಂದು ಗೊತ್ತಾದ ಮೇಲೆ ಕಾಲು ಕಡ್ಡಿಯಾಗಿ ಉಳಿಯುವುದಿಲ್ಲ. ಇಂಜಿನಿಯರಿಂಗ್ ಓದು ನನಗೆ ಇಷ್ಟರಮಟ್ಟಿಗೆ ಉಪಯೋಗಕ್ಕೆ ಬಂತು.

ನಾಲ್ಕು ವಾರವಾದರೂ ಒಂದು ಹಸುವೂ ಪೂರ್ತಿಯಾಗಿಲ್ಲ, ಬಣ್ಣ ಯಾವಾಗ ಎಂದು ತಾಯಂದಿರು ಕೇಳುತ್ತಿದ್ದಾರೆ. ಒಬ್ಬ ಹುಡುಗನನ್ನು ಬಿಡಿಸಿಯೂ ಆಯಿತು. ಅವರದ್ದೂ ತಪ್ಪಲ್ಲ, ಫೀಸು ಕೊಟ್ಟವರಿಗೆ ಗೋಡೆಗೆ ಹಾಕಲು ಏನಾದರೂ ಬೇಕು.

ನಂದಲಾಲರು ಮಕ್ಕಳಿಗಾಗಿ ಮಾಡಿದ್ದನ್ನು ನೋಡಬೇಕೆಂದರೆ ರವೀಂದ್ರನಾಥರ ಬಂಗಾಳಿ ಬಾಲಪಾಠ ಸಹಜ ಪಾಠ್ ತೆರೆಯಬೇಕು. 1930ರ ಪುಸ್ತಕ. ಲಿನೋಲಿಯಂ ಹಾಳೆ ಕೆತ್ತಿ ಅಚ್ಚು ಹಾಕಿದ ಕಪ್ಪು ಬಿಳುಪು ಚಿತ್ರಗಳು. ಬಣ್ಣವೇ ಇಲ್ಲ. ತಾಯಂದಿರಿಗೆ ಇದನ್ನು ತೋರಿಸಿದೆ, ಹೆಚ್ಚೇನೂ ಪ್ರಯೋಜನವಾಗಲಿಲ್ಲ. 1938ರಲ್ಲಿ ಗುಜರಾತಿನ ಹರಿಪುರದಲ್ಲಿ ಕಾಂಗ್ರೆಸ್ ಅಧಿವೇಶನ ನಡೆದಾಗ ಗಾಂಧೀಜಿ ಕೇಳಿದ್ದಕ್ಕೆ ಹಳ್ಳಿಯ ಬದುಕಿನ ಚಿತ್ರಗಳನ್ನು ಬರೆದುಕೊಟ್ಟರು. ಅಲ್ಲಿನ ಎತ್ತುಗಳನ್ನು ನೋಡಿ. ಕೆಲವೇ ದಪ್ಪ ಗೆರೆಗಳು, ಆದರೆ ಹೆಗಲಿನ ತೂಕ ಗೊತ್ತಾಗುತ್ತದೆ.

ನಮ್ಮ ಸಂವಿಧಾನದ ಮೂಲ ಪ್ರತಿಯ ಪುಟಗಳನ್ನು ಅಲಂಕರಿಸಿದ್ದು ಅವರು ಮತ್ತು ಅವರ ಶಿಷ್ಯರು. ಮೊದಲ ಭಾಗದ ಮೇಲಿರುವುದು ಮೊಹೆಂಜೊದಾರೊ ಮುದ್ರೆಯ ಗೂಳಿ. ಅಶೋಕ ಸ್ತಂಭದ ಸಿಂಹಗಳನ್ನು ಬರೆಯುವ ಕೆಲಸ ದೀನಾನಾಥ ಭಾರ್ಗವ ಎಂಬ ಶಿಷ್ಯನ ಪಾಲಿಗೆ ಬಂತು. ಮಾದರಿಗೆ ಸಾರನಾಥದ ಕಲ್ಲಿನ ಸಿಂಹ ಇದ್ದೇ ಇತ್ತು, ನೋಡಿ ಬರೆದರೆ ಮುಗಿಯುತ್ತಿತ್ತು. ಆದರೂ ಆ ಯುವಕ ತಿಂಗಳುಗಟ್ಟಲೆ ಕಲ್ಕತ್ತಾದ ಮೃಗಾಲಯಕ್ಕೆ ಹೋಗಿ ಜೀವಂತ ಸಿಂಹಗಳನ್ನು ನೋಡುತ್ತಾ ನಿಂತಿದ್ದರೆಂದು ಅವರ ಮನೆಯವರು ಪತ್ರಿಕೆಗಳಿಗೆ ಹೇಳಿದ್ದಾರೆ.

ನಂದಲಾಲರಿಗೆ 1954ರಲ್ಲಿ ಪದ್ಮವಿಭೂಷಣ ಬಂತು. 1966ರ ಏಪ್ರಿಲ್ 16ರಂದು ತೀರಿಕೊಂಡರು.

ಈಗ ಎಂಟು ಮಕ್ಕಳಿದ್ದಾರೆ. ಹಸು ಗಬ್ಬವಾಗಿದೆ. ಕರು ಹಾಕಿದ ಮೊದಲ ದಿನವೇ ಬರಬೇಕೆಂದು ಎಂಟೂ ಜನ ಈಗಿನಿಂದಲೇ ಹಟ ಹಿಡಿದಿದ್ದಾರೆ, ಅದು ಭಾನುವಾರವಾಗದಿದ್ದರೂ ಸರಿಯಂತೆ.