ಗಾಯ ಮಾಯಿಸುವ ಮೂರೆಳೆಯ ರಹಸ್ಯ ಬಿಡಿಸಿದ ಜಿ.ಎನ್. ರಾಮಚಂದ್ರನ್

ಅರಕಲಗೂಡಿನ ಹೊಗೆಸೊಪ್ಪಿನ ಹೊಲದಲ್ಲಿ ಕುಡುಗೋಲು ತಾಗಿದ ಕಾಲಾಗಲಿ, ಚನ್ನರಾಯಪಟ್ಟಣದ ತೆಂಗಿನ ತೋಟದಲ್ಲಿ ತರಚಿದ ಕೈಯಾಗಲಿ, ಹಾಸನ, ಹೊಳೆನರಸೀಪುರಗಳ ಆಸ್ಪತ್ರೆಯಲ್ಲಿ ಹೊಲಿಗೆ ಬಿದ್ದ ಗಾಯವಾಗಲಿ, ಮಾಯುವ ಬಗೆ ಒಂದೇ. ಕಾಲಜನ್ ಎಂಬ ಪ್ರೋಟೀನು ಹೊಸದಾಗಿ ನೇಯ್ದುಕೊಂಡು ಸೀಳನ್ನು ಕೂಡಿಸುತ್ತದೆ. ಅದರ ರಚನೆಯನ್ನು ಲೋಕಕ್ಕೆ ತೋರಿಸಿದವರಲ್ಲಿ ಮೊದಲಿಗರು ಗೋಪಾಲಸಮುದ್ರಂ ನಾರಾಯಣ ರಾಮಚಂದ್ರನ್.

1922ರ ಅಕ್ಟೋಬರ್ 8ರಂದು ಎರ್ನಾಕುಲಂನಲ್ಲಿ ಜನಿಸಿದ ಅವರು, 1942ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದದ್ದು ವಿದ್ಯುತ್ ಎಂಜಿನಿಯರಿಂಗ್ ಓದಲೆಂದು. ಆದರೆ ಸಿ.ವಿ. ರಾಮನ್ ಅವರು ಈ ಯುವಕನನ್ನು ಭೌತವಿಜ್ಞಾನಕ್ಕೆ ಸೆಳೆದುಕೊಂಡರು. ಕೇಂಬ್ರಿಡ್ಜ್‌ನಲ್ಲಿ ಸಂಶೋಧನೆ ಮುಗಿಸಿ 1949ರಲ್ಲಿ ಮರಳಿದ ರಾಮಚಂದ್ರನ್, 1952ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಭೌತವಿಜ್ಞಾನ ವಿಭಾಗದ ಮುಖ್ಯಸ್ಥರಾದರು.

ಅಲ್ಲಿಗೆ ಭೇಟಿ ನೀಡಿದ ಬ್ರಿಟಿಷ್ ವಿಜ್ಞಾನಿ ಜೆ.ಡಿ. ಬರ್ನಾಲ್, ಕಾಲಜನ್ ರಚನೆ ಇನ್ನೂ ಬಿಡಿಸದ ಒಗಟೆಂದು ಸೂಚಿಸಿದರು. ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆಯಿಂದ ದೊರೆತ ಕಾಂಗರೂ ಬಾಲದ ಸ್ನಾಯುರಜ್ಜು, ಎಕ್ಸ್‌ರೇ ಚಿತ್ರಗಳು, ಸಹೋದ್ಯೋಗಿ ಗೋಪಿನಾಥ ಕರ್ತಾ ಅವರ ಜತೆಗಾರಿಕೆ: ಇಷ್ಟರಿಂದಲೇ 1954ರಲ್ಲಿ ಮೂರು ಎಳೆಗಳ ಮಾದರಿ ಪ್ರಕಟವಾಯಿತು. ಮರುವರ್ಷ ಅದನ್ನು ಒಂದರೊಡನೊಂದು ಸುತ್ತಿಕೊಂಡ ಸುರುಳಿಯಾಗಿ ತಿದ್ದಿದರು.

ಅದೇ ವರ್ಷ ಫ್ರಾನ್ಸಿಸ್ ಕ್ರಿಕ್ ಮತ್ತು ಅಲೆಕ್ಸಾಂಡರ್ ರಿಚ್ ತಮ್ಮದೇ ಮಾದರಿ ಮುಂದಿಟ್ಟು, ಮದ್ರಾಸಿನ ಮಾದರಿಯಲ್ಲಿ ಪರಮಾಣುಗಳು ತೀರ ಒತ್ತಾಗಿವೆಯೆಂದು ಆಕ್ಷೇಪಿಸಿದರು. ರಾಮಚಂದ್ರನ್ ವಾದಕ್ಕೆ ಇಳಿಯದೆ ಲೆಕ್ಕಕ್ಕೆ ಇಳಿದರು. ಪರಮಾಣುಗಳು ಎಷ್ಟು ಹತ್ತಿರ ಬರಬಹುದು, ಪ್ರೋಟೀನಿನ ಸರಪಳಿ ಎಷ್ಟು ತಿರುಗಬಹುದು ಎಂದು ವಿ. ಶಶಿಶೇಖರನ್ ಮತ್ತು ಸಿ. ರಾಮಕೃಷ್ಣನ್ ಅವರೊಡನೆ ಶೋಧಿಸಿದರು. 1963ರಲ್ಲಿ ಹೊರಬಂದ ಆ ನಕ್ಷೆಯೇ ಇಂದಿನ ರಾಮಚಂದ್ರನ್ ಪ್ಲಾಟ್. ಎಳೆಗಳ ನಡುವಿನ ಬಂಧಗಳ ವಿವರದಲ್ಲಿ ಎದುರಾಳಿಗಳ ವಾದವೇ ಗೆದ್ದಿತಾದರೂ, ಆ ಆಕ್ಷೇಪದಿಂದ ಹುಟ್ಟಿದ ನಕ್ಷೆ ವಿಜ್ಞಾನಕ್ಕೆ ಶಾಶ್ವತ ಸಾಧನವಾಯಿತು.

1971ರಲ್ಲಿ ಬೆಂಗಳೂರಿನ ವಿಜ್ಞಾನ ಸಂಸ್ಥೆಯಲ್ಲಿ ಅಣು ಜೀವಭೌತ ವಿಭಾಗವನ್ನು ಕಟ್ಟಿದರು. 1977ರಲ್ಲಿ ರಾಯಲ್ ಸೊಸೈಟಿಯ ಸದಸ್ಯತ್ವ, 1999ರಲ್ಲಿ ಎವಾಲ್ಡ್ ಪ್ರಶಸ್ತಿ ಸಂದವು. ನೊಬೆಲ್ ಮಾತ್ರ ಬರಲಿಲ್ಲ. ಕೊನೆಯ ವರ್ಷಗಳಲ್ಲಿ ಕಾಯಿಲೆಯಿಂದ ಬಳಲಿದ ಅವರು 2001ರ ಏಪ್ರಿಲ್ 7ರಂದು ಚೆನ್ನೈನಲ್ಲಿ ನಿಧನರಾದರು.

1994ರಲ್ಲಿ ಪ್ರಯೋಗಾಲಯದಲ್ಲೇ ತಯಾರಿಸಿದ ಕಾಲಜನ್ ಮಾದರಿಯ ಪೆಪ್ಟೈಡಿನ ಸ್ಫಟಿಕದಲ್ಲಿ ಮೂರೆಳೆಯ ಸುರುಳಿ ಸ್ಪಷ್ಟವಾಗಿ ಕಂಡಿತು. ಅಂಗಾಂಶ ದುರಸ್ತಿಗೆಂದು ಇಂದು ಹೊಸ ಪೆಪ್ಟೈಡು ರೂಪಿಸುವ ಸಂಶೋಧಕರೂ ತಮ್ಮ ವಿನ್ಯಾಸವನ್ನು ಒರೆಹಚ್ಚುವುದು ಆ ನಕ್ಷೆಯ ಮೇಲೆಯೇ.